ಸೋಮವಾರದ ಕಾಯಿಲೆ

ಸಂಶೋಧನಾ ಸಂಸ್ಥೆಯವರು ನನ್ನನ್ನು ಸಂದರ್ಶಕನ ಕೆಲಸಕ್ಕೆ ಆರಿಸಿಕೊಂಡದ್ದು ನನ್ನ ಅರ್ಥಶಾಸ್ತ್ರದ ಜ್ಞಾನವನ್ನು ಮೆಚ್ಚಿ ಅಲ್ಲ, ಕೈಬರಹವನ್ನು ಮೆಚ್ಚಿ. ಅರ್ಜಿಯ ಮೇಲೆ ಬೆರಳಾಡಿಸಿದ ನಿರ್ದೇಶಕರು, “ಈ ಅಕ್ಷರದಲ್ಲಿ ಬರೆದದ್ದನ್ನು ಯಾರೂ ಸುಳ್ಳು ಅನ್ನಲಾರರು” ಎಂದರು. ನಾನು ಅದನ್ನು ಪ್ರಶಂಸೆಯೆಂದು ಸ್ವೀಕರಿಸಿದೆ. ಅದು ಆ ಸಂಸ್ಥೆಯ ಸಂಶೋಧನಾ ವಿಧಾನದ ಸಾರಾಂಶವಾಗಿತ್ತೆಂದು ತಿಳಿಯಲು ನನಗೆ ಹತ್ತು ತಿಂಗಳು ಹಿಡಿಯಿತು.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ಬಸ್ಸಿನಿಂದ ದಾರಿಯಲ್ಲಿಳಿದು ಎರಡು ಮೈಲು ನಡೆದರೆ ನಮ್ಮೂರು. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದವನು ನಾನೊಬ್ಬನೇ. ಪದವಿ ಬಂದ ಮೇಲೆ ನಾನು ಮನೆಯಲ್ಲಿಯೂ ‘ಹೋಗುತ್ತೇನೆ’, ‘ಬರುತ್ತೇನೆ’ ಎಂದು ಪೂರ್ತಿಯಾಗಿ ಉಚ್ಚರಿಸಲು ಆರಂಭಿಸಿದ್ದೆ. ಅಪ್ಪ ಅದಕ್ಕೇನೂ ಅನ್ನಲಿಲ್ಲ. ನಾನು ಮಾತು ಮುಗಿಸುವವರೆಗೆ ಊಟದ ತಾಟಿನ ಮುಂದೆ ಕೈಕಟ್ಟಿ ಕುಳಿತು, “ಮುಗೀತೇನಪಾ? ರೊಟ್ಟಿ ಮುರೀಲೇನು?” ಎಂದು ಕೇಳುತ್ತಿದ್ದರು, ಅಷ್ಟೆ.

ನಮ್ಮ ಅಧ್ಯಯನದ ಹೆಸರು ಉದ್ದವಾಗಿತ್ತು. ಪ್ರಶ್ನೆ ಮಾತ್ರ ಚಿಕ್ಕದು. ಹಳ್ಳಿಯಲ್ಲೇ ಒಂದು ಖೋಲಿ ಕೊಟ್ಟು ನರ್ಸಬಾಯಿಯನ್ನು ಇರಿಸಿದರೆ ಸರಕಾರದ ದುಡ್ಡಿಗೆ ಹೆಚ್ಚು ಆರೋಗ್ಯ ದೊರೆಯುತ್ತದೆಯೋ, ಅಥವಾ ವಾರಕ್ಕೊಮ್ಮೆ ಔಷಧದ ಗಾಡಿಯನ್ನು ಕಳಿಸಿದರೆ ಹೆಚ್ಚು ದೊರೆಯುತ್ತದೆಯೋ? ನರ್ಸಬಾಯಿ ಇರುವ ಐದು ಹಳ್ಳಿಗಳನ್ನು ಬೈಲಹೊಂಗಲ ಮತ್ತು ಸವದತ್ತಿಯ ನಡುವಿನಲ್ಲಿ ಆರಿಸಲಾಯಿತು. ಅವೆಲ್ಲ ಎರೆಹೊಲದ ಒಕ್ಕಲಿಗರ ಊರುಗಳು. ಗಾಡಿ ಹೋಗುವ ಐದು ಹಳ್ಳಿಗಳು ರಾಮದುರ್ಗದ ಸುತ್ತಮುತ್ತ ದೊರೆತವು. ಅವು ನೇಕಾರರ ಊರುಗಳು. ಎರಡೂ ಕಡೆ ಜನ ಎಷ್ಟು ದಿನ ಕಾಯಿಲೆಯಿಂದ ಕೆಲಸ ಕಳೆದುಕೊಳ್ಳುತ್ತಾರೆಂದು ಕೇಳುವುದು, ಕಡಿಮೆ ಕಳೆದುಕೊಂಡ ಕಡೆಯ ವ್ಯವಸ್ಥೆಯನ್ನು ಉಳಿಸುವುದು, ಇನ್ನೊಂದನ್ನು ಮುಚ್ಚುವುದು. ಇಷ್ಟು ಸರಳವಾದ ವಿಚಾರಕ್ಕೆ ಅರವತ್ತು ಚಿಲ್ಲರೆ ಪ್ರಶ್ನೆಗಳ ನಮೂನೆಯನ್ನು ಸಿದ್ಧಪಡಿಸಲಾಗಿತ್ತು.

ಚೀಟಿ ಎತ್ತಿದಾಗ ಐದು ಒಕ್ಕಲಿಗರ ಹಳ್ಳಿಗಳಲ್ಲಿ ನಮ್ಮೂರೂ ಒಂದಾಗಿ ಬಂದಿತು. ಆ ವಾರ ಮನೆಗೆ ಹೋದಾಗ ನಮ್ಮೂರಿನ ನರ್ಸಬಾಯಿ ಬಾಗಿಲಲ್ಲೇ ನಿಂತಿದ್ದರು. ಅವರು ಆರು ವರ್ಷಗಳಿಂದ ಚಾವಡಿಯ ಪಕ್ಕದ ಖೋಲಿಯಲ್ಲಿ ಇದ್ದವರು. ಮೂಲತಃ ಧಾರವಾಡದ ಕಡೆಯವರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಅಂದು ಅವರು ಬಂದದ್ದು ನನ್ನ ಅಕ್ಕನನ್ನು ನೋಡಲು. ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು.

“ತಮ್ಮಾ, ನನ್ನ ಖೋಲಿ ತಗಸೂ ಕಾಗದ ನಿನ್ನ ಕೈಯಾಗನ ಐತಂತಲ್ಲ?” ಎಂದು ಕೇಳಿದರು.

“ಅದು ಕೇವಲ ಅಧ್ಯಯನ, ಅಕ್ಕಾರ. ನಿರ್ಣಯವನ್ನು ಸರಕಾರ ಕೈಗೊಳ್ಳುತ್ತದೆ.”

“ನಿಮ್ಮಕ್ಕಂದು ದೀಪಾವಳಿ ಆದ ಮ್ಯಾಲೆ ಐತಿ. ಗಾಡಿ ಬಂದ್ರ ಬೇಸ್ತವಾರಕ್ಕೊಮ್ಮೆ ಬರತೈತಿ. ಕೂಸಿಗೆ ಬೇಸ್ತವಾರನ ಹುಟ್ಟಂತ ನೀ ಹೇಳತೀಯೋ, ನಾ ಹೇಳಲೋ?”

ಒಳಗಿನಿಂದ ಅಕ್ಕ ನಕ್ಕದ್ದು ಕೇಳಿಸಿತು. ನಾನು ನಗಲಿಲ್ಲ. ಹೆರಿಗೆಗೆ ಸಂಬಂಧಿಸಿದ ಪ್ರಶ್ನೆ ನಮೂನೆಯಲ್ಲಿ ಇಲ್ಲವೆಂದು ನನಗೆ ಆಗಲೇ ತಿಳಿದಿತ್ತು. ಹುಟ್ಟುವ ಕೂಸು ಕೆಲಸಕ್ಕೆ ಹೋಗುವುದಿಲ್ಲ. ಆದಕಾರಣ ಅದು ಹುಟ್ಟಿದರೂ ಹುಟ್ಟದಿದ್ದರೂ ದುಡಿಮೆಯ ದಿನಗಳಲ್ಲಿ ವ್ಯತ್ಯಾಸವಾಗುವುದಿಲ್ಲ ಎಂಬುದು ನಿರ್ದೇಶಕರ ಅಭಿಪ್ರಾಯವಾಗಿತ್ತು.

ನಿರ್ದೇಶಕರು ಮೈಸೂರಿನ ಕಡೆಯ ಪ್ರಾಧ್ಯಾಪಕರು, ಸಜ್ಜನರು, ಮೆಲ್ಲಗೆ ಮಾತನಾಡುವವರು. ಮೂರು ದಿನಗಳ ತರಬೇತಿಯಲ್ಲಿ ಅವರು ನಮಗೆ ಮೂರು ನಿಯಮಗಳನ್ನು ಕಲಿಸಿದರು. ಯಾವ ಅಂಕಣವನ್ನೂ ಖಾಲಿ ಬಿಡಕೂಡದು. ಅಂಚಿನಲ್ಲಿ ಏನನ್ನೂ ಬರೆಯಕೂಡದು. ಸ್ವಂತ ಅಭಿಪ್ರಾಯ ಸೇರಿಸಕೂಡದು. “ಖಾಲಿ ಅಂಕಣ ಅಂದ್ರೆ ಸೋಮಾರಿ ಸಂದರ್ಶಕ ಅಂತ ಅರ್ಥ” ಎಂದು ದಿನಕ್ಕೆ ಎರಡು ಸಲವಾದರೂ ಹೇಳಿದರು. ನಮೂನೆಯನ್ನು ಮೊದಲೇ ಪರೀಕ್ಷಿಸಿ ನೋಡಲಾಗಿತ್ತು. ಸಂಸ್ಥೆಯ ಸಿಪಾಯಿಗಳನ್ನೂ ತೋಟದ ಮಾಲಿಯನ್ನೂ ಕೂರಿಸಿ ಪ್ರಶ್ನೆ ಕೇಳಿದಾಗ ಅವರು ಎಲ್ಲಕ್ಕೂ ಥಟ್ಟನೆ ಉತ್ತರಿಸಿದ್ದರಂತೆ.

ಇಡೀ ಅಧ್ಯಯನ ನಿಂತಿದ್ದುದು ಹದಿನೇಳನೆಯ ಪ್ರಶ್ನೆಯ ಮೇಲೆ. ‘ಕಳೆದ ಏಳು ದಿನಗಳಲ್ಲಿ ಮನೆಯ ಯಜಮಾನ ಎಷ್ಟು ದಿನ ಕೆಲಸಕ್ಕೆ ಹೋಗಲಿಲ್ಲ?’ ಅದರ ಕೆಳಗೆ ಕಾರಣ. ಒಂದು, ಜ್ವರ. ಎರಡು, ಹೊಟ್ಟೆಯ ತೊಂದರೆ. ಮೂರು, ಗಾಯ. ನಾಲ್ಕು, ಇತರೆ ಕಾಯಿಲೆ. ಐದನೆಯದು ಇರಲಿಲ್ಲ. ಮನುಷ್ಯನೊಬ್ಬ ಕಾಯಿಲೆಯಿಲ್ಲದೆ ಕೆಲಸಕ್ಕೆ ಹೋಗದಿರಬಹುದೆಂಬ ಶಂಕೆ ಸಂಸ್ಥೆಯ ಕಟ್ಟಡದಲ್ಲಿ ಯಾರಿಗೂ ಬಂದಿರಲಿಲ್ಲ. ಅಲ್ಲಿ ಯಾರು ಕೆಲಸಕ್ಕೆ ಬಾರದಿದ್ದರೂ ವೈದ್ಯರ ಪ್ರಮಾಣಪತ್ರ ತರುತ್ತಿದ್ದರು.

ನನ್ನ ಜೊತೆಗೆ ಕೊಟ್ಟ ಇನ್ನೊಬ್ಬ ಸಂದರ್ಶಕರು ಸಂಖ್ಯಾಶಾಸ್ತ್ರದಲ್ಲಿ ಎಂ.ಎ. ಮಾಡಿದವರು. ಅರ್ಚಕರ ಮನೆತನ, ಅಜ್ಜ ನಾಲ್ಕು ಊರಿಗೆ ಪಂಚಾಂಗ ಹೇಳುತ್ತಿದ್ದವರು. ಮೊಮ್ಮಗ ಪಂಚಾಂಗವನ್ನು ಬಿಟ್ಟು ಅಂಕಿಗಳನ್ನು ಹಿಡಿದಿದ್ದರು. ಬಹಳ ನಿಷ್ಠಾವಂತರು, ಎತ್ತಿನ ಸಮೀಪಕ್ಕೆ ಮಾತ್ರ ಎಂದೂ ಹೋದವರಲ್ಲ.

ಮೊದಲನೆಯ ವಾರ ನಾವು ಮಂಗಳವಾರ, ಬುಧವಾರಗಳಂದು ಹಳ್ಳಿಗಳಿಗೆ ಹೋದೆವು. ಯಜಮಾನರು ಯಾರೂ ಇರಲಿಲ್ಲ. ಬೆಳಗಿನ ಬಸ್ಸು ನಮ್ಮನ್ನು ಇಳಿಸುವ ಹೊತ್ತಿಗೆ ಅವರು ಹೊಲಕ್ಕೆ ಹೋಗಿರುತ್ತಿದ್ದರು. ಅವರು ಮರಳುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತಿತ್ತು. ಮುಂದಿನ ಸೋಮವಾರ ಆಕಸ್ಮಿಕವಾಗಿ ಹೋದಾಗ ಊರಿಗೆ ಊರೇ ಮನೆಯಲ್ಲಿತ್ತು. ಒಬ್ಬರು ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದರು, ಇನ್ನೊಬ್ಬರು ಕ್ಷೌರಕ್ಕೆ ಕುಳಿತಿದ್ದರು, ಮತ್ತೊಬ್ಬರು ಹಳ್ಳದಲ್ಲಿ ಎತ್ತುಗಳ ಮೈ ತಿಕ್ಕುತ್ತಿದ್ದರು. ನನ್ನ ಈ ಸಹೋದ್ಯೋಗಿಗೆ ಹಿಡಿಸಲಾರದ ಸಂತೋಷವಾಯಿತು.

“ನೋಡ್ರಿ, ಇನ್ನ ಮ್ಯಾಲೆ ಸೋಮವಾರನ ಬರೋಣ. ಬ್ಯಾರೆ ದಿನ ಬಂದ್ರ ಬರೇ ನಾಯಿ ಮಾತಾಡಸ್ತಾವ.” ಆಮೇಲೆ ಕಟ್ಟೆಯ ಮೇಲೆ ಕುಳಿತವರನ್ನು ನೋಡಿ, ಸ್ವರ ತಗ್ಗಿಸಿ, “ಪಾಪ, ಎಷ್ಟು ಮಂದಿಗೆ ಆರಾಮಿಲ್ಲ ನೋಡ್ರಿ” ಎಂದರು.

ಸೋಮವಾರ ಎತ್ತಿಗೆ ನೊಗ ಇಡಬಾರದೆಂಬುದು ನಮ್ಮ ಕಡೆಯ ಒಕ್ಕಲುತನದ ಮೊದಲ ಪಾಠ. ಅದು ಎತ್ತಿನ ವಾರ. ನಮ್ಮಪ್ಪ ಮಣ್ಣಿನ ಹಸಿ ಆರಿ ಬಿತ್ತನೆ ತಪ್ಪುತ್ತದೆಂದಾಗಲೂ ಸೋಮವಾರ ಹೂಡಿದವರಲ್ಲ. ಎತ್ತು ಕುಳಿತ ಮೇಲೆ ಮನುಷ್ಯ ಹೊಲಕ್ಕೆ ಹೋಗಿ ಮಾಡುವುದೇನು? ಹೀಗಾಗಿ ಗಂಡಸರು ಅಂದು ಊರಲ್ಲಿರುತ್ತಾರೆ. ಇದು ನನಗೆ ನಡೆಯಲು ಕಲಿತಂದಿನಿಂದ ಗೊತ್ತಿದ್ದ ವಿಷಯ. ಆ ದಿನ ಹಗ್ಗ ಹೊಸೆಯುತ್ತಿದ್ದವರ ಮುಂದೆ ನಮೂನೆ ಬಿಚ್ಚಿ ಕುಳಿತಾಗ ಮಾತ್ರ ನಾನು ಅದನ್ನು ತಿಳಿಯದವನಂತೆ ನಡೆದುಕೊಂಡೆ.

“ಕಳೆದ ಏಳು ದಿನಗಳಲ್ಲಿ ತಾವು ಎಷ್ಟು ದಿನ ಕೆಲಸಕ್ಕೆ ಹೋಗಲಿಲ್ಲ?”

“ಒಂದ ದಿನ್ರಿ, ಸಾಹೇಬ್ರ.”

“ಕಾರಣ?”

“ಹೋದ ಸೋಮಾರ.”

“ಅಂದು ತಮಗೆ ಏನಾಗಿತ್ತು?”

ಅವರು ಹಗ್ಗ ಬಿಟ್ಟು ನನ್ನ ಮುಖ ನೋಡಿದರು. “ನನಗೇನಾಗಿತ್ರಿ? ಸೋಮಾರ ಆಗಿತ್ತು. ನೀವು ನಮ್ಮ ಮಗ್ಗಲ ಊರಿನ ಅಗಸಿ ಮುಂದಿನ ಮನಿಯವರ ಮಗಾ ಅಲ್ಲೇನು? ನಿಮ್ಮಪ್ಪ ಸೋಮಾರ ಹೂಡತಾನೇನು?”

“ಪ್ರಶ್ನೆಯಲ್ಲಿ ಹಾಗೆ ಕೇಳಿಲ್ಲ. ಜ್ವರವೇ, ಹೊಟ್ಟೆಯ ತೊಂದರೆಯೇ, ಗಾಯವೇ?”

“ಯಾರಿಗೆ ಕೇಳಾಕ ಹತ್ತೀರಿ? ನನಗೋ, ಎತ್ತಿಗೋ?”

ಸಹೋದ್ಯೋಗಿಗಳು ಗಡಿಯಾರ ನೋಡಿ, “ನಾಕು ಹಾಕ್ರಿ, ನಾಕು. ಇತರೆ ಅಂದ್ರ ಎಲ್ಲಾ ಬರ್ತದ” ಎಂದರು. ಅಂಕಣವನ್ನು ಖಾಲಿ ಬಿಡುವಂತಿರಲಿಲ್ಲ. ಅಂಚಿನಲ್ಲಿ ‘ಎತ್ತಿನ ವಾರ’ ಎಂದು ಬರೆಯುವಂತಿರಲಿಲ್ಲ. ನಾನು ನನ್ನ ಅತ್ಯುತ್ತಮ ಅಕ್ಷರದಲ್ಲಿ ನಾಲ್ಕು ಎಂದು ಬರೆದೆ. ಅವರು ಇಣುಕಿ ನೋಡಿ, “ಚಂದ ಬರದೀರಿ” ಎಂದರು.

ಹೀಗೆ ಸೋಮವಾರದಿಂದ ಸೋಮವಾರಕ್ಕೆ ಐದೂ ಊರು ಮುಗಿದವು. ನಮ್ಮೂರಿನ ಪಾಳಿ ಬಂದಾಗ ನಮ್ಮ ಮನೆಯ ನಮೂನೆಯನ್ನು ಸಹೋದ್ಯೋಗಿಗಳೇ ತುಂಬಿದರು. ಸ್ವಂತ ಮನೆಯನ್ನು ಸಂದರ್ಶಿಸುವುದು ನಿಯಮಕ್ಕೆ ವಿರುದ್ಧವೆಂದು ನಾನು ಹೊರಗೆ ನಿಂತಿದ್ದೆ. ನಲವತ್ತು ವರ್ಷ ಹೊಲ ಮಾಡಿ ಒಮ್ಮೆಯೂ ಹಾಸಿಗೆ ಹಿಡಿಯದ ನನ್ನ ತಂದೆ ಹತ್ತು ನಿಮಿಷದಲ್ಲಿ ಇತರೆ ಕಾಯಿಲೆಯವರಾದರು.

ನನಗೆ ನೆಮ್ಮದಿ ಇರಲಿಲ್ಲವೆಂಬುದನ್ನು ಹೇಳಿದರೆ ಓದುಗರು ನಂಬಬೇಕು. ನಿರ್ದೇಶಕರು ಕ್ಷೇತ್ರ ಪರಿಶೀಲನೆಗೆಂದು ಬಂದು ಸವದತ್ತಿಯ ಪ್ರವಾಸಿ ಮಂದಿರದಲ್ಲಿ ಇಳಿದುಕೊಂಡಾಗ ನಾನು ಧೈರ್ಯ ಮಾಡಿ ಹೋದೆ. ಪರಿಶೀಲನೆಯು ಪ್ರವಾಸಿ ಮಂದಿರದ ಪಡಸಾಲೆಯಲ್ಲೇ ನಡೆಯುತ್ತಿತ್ತು. ಅವರು ನಮೂನೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು, ಖಾಲಿ ಅಂಕಣ ಇಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಮೂಲೆಯಲ್ಲಿ ಸಹಿ ಮಾಡುತ್ತಿದ್ದರು.

“ಸರ್, ಕೆಲವರು ಕೆಲಸಕ್ಕೆ ಹೋಗದಿರುವುದಕ್ಕೆ ಕಾಯಿಲೆಯ ಹೊರತು ಬೇರೆ ಕಾರಣಗಳೂ ಇರಬಹುದೆಂದು ತೋರುತ್ತದೆ” ಎಂದೆ.

“ಉದಾಹರಣೆಗೆ?”

‘ಎತ್ತು’ ಎಂಬ ಶಬ್ದ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಅವರ ಎದುರಿಗೆ ಮೇಜಿನ ಮೇಲೆ ದಪ್ಪ ರಟ್ಟಿನ ಮೂರು ಇಂಗ್ಲಿಷ್ ಪುಸ್ತಕಗಳಿದ್ದವು. ಆ ಪುಸ್ತಕಗಳ ಸಮಕ್ಷಮದಲ್ಲಿ ಎತ್ತನ್ನು ತರುವುದು ನನ್ನಿಂದಾಗಲಿಲ್ಲ. ತಂದರೆ, ಈತ ಪದವೀಧರನಾದರೂ ಕೊಟ್ಟಿಗೆಯಿಂದ ಹೊರಬಂದಿಲ್ಲವೆಂದು ಅವರು ಭಾವಿಸುತ್ತಾರೆಂಬ ಅಂಜಿಕೆ. “ಸಾಮಾಜಿಕ ಕಾರಣಗಳು, ಸರ್” ಎಂದೆ.

ಅವರು ನಕ್ಕರು. “ನೋಡಿ, ಕ್ಷೇತ್ರದಲ್ಲಿರೋರು ಮಾಹಿತಿ ತರಬೇಕು. ಅರ್ಥ ನಾವು ಹಚ್ತೀವಿ. ನೀವೇ ಅರ್ಥಾನೂ ತಂದುಬಿಟ್ರೆ ನಮಗೇನು ಕೆಲಸ?”

ನಾನೂ ನಕ್ಕು ನಮಸ್ಕರಿಸಿ ಹೊರಗೆ ಬಂದೆ. ನರ್ಸಬಾಯಿಯ ಖೋಲಿಯನ್ನು ನಾನು ಅಂದು ಆ ಪಡಸಾಲೆಯಲ್ಲಿ ಬಿಟ್ಟು ಬಂದೆನೆಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ರಾಮದುರ್ಗದ ಕಡೆಯ ಕೆಲಸ ಸುಲಭವಾಯಿತು. ನೇಕಾರರು ಯಾವ ವಾರ ಹೋದರೂ ಮನೆಯಲ್ಲಿರುತ್ತಾರೆ, ಮಗ್ಗವಿರುವುದೇ ಮನೆಯಲ್ಲಿ. ಅವರಿಗೆ ಎತ್ತಿಲ್ಲ, ಆದ್ದರಿಂದ ಸೋಮವಾರವೂ ಇಲ್ಲ. ಅವರ ಬಿಡುವು ಅಮಾವಾಸ್ಯೆಗೆ. ನಾವು ಹೋದದ್ದು ಹುಣ್ಣಿಮೆಯ ಆಸುಪಾಸಿಗೆ. ಪಂಚಾಂಗದವರ ಮೊಮ್ಮಗ ಜೊತೆಗಿದ್ದೂ ಇದು ನಮ್ಮ ಗಮನಕ್ಕೆ ಬರಲಿಲ್ಲ. ಒಬ್ಬ ವಯಸ್ಸಾದ ನೇಕಾರರು ಮಗ್ಗದ ಕುಣಿಯಲ್ಲಿ ಕಾಲಿಟ್ಟು ನೇಯುತ್ತಲೇ ನಮಗೆ ಉತ್ತರಿಸಿದರು. ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದರು. ಕೆಮ್ಮು ಬಂದಾಗ ಲಾಳಿ ನಿಲ್ಲುತ್ತಿತ್ತು, ಮುಗಿದೊಡನೆ ಓಡುತ್ತಿತ್ತು.

“ಎಷ್ಟು ದಿನದಿಂದ ಈ ಕೆಮ್ಮು?” ಎಂದು ನಾನು ಕೇಳಿದೆ.

“ನನ್ನ ಮಗಳ ಲಗ್ನಕ್ಕಿಂತಾ ಮೊದಲಿಂದು. ಆಕಿಗೆ ಈಗ ಮೂರು ಮಕ್ಕಳು.”

“ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ಕೆಲಸ ನಿಲ್ಲಿಸಿದಿರಿ?”

“ನಿಂದ್ರಸಿದ್ರ ಉಣ್ಣೂದು ಏನ್ರಿ? ಕೆಮ್ಮಕೋಂತನ ನೇಯತೇನಿ.”

ಸೊನ್ನೆ ಎಂದು ಬರೆದೆ. ಗಾಡಿಯ ಬಗ್ಗೆ ವಿಚಾರಿಸಿದಾಗ, ಅದು ಬಂದದ್ದನ್ನು ಕೇಳಿದ್ದೇನೆ, ನೋಡಲು ಪುರುಸೊತ್ತಾಗಿಲ್ಲವೆಂದರು. ಅದಕ್ಕೆ ಅಂಕಣವಿರಲಿಲ್ಲ. ನಮೂನೆಯ ಪ್ರಕಾರ ಅವರು ಗಾಡಿಯ ಸೇವೆಯಿಂದ ಸಂಪೂರ್ಣ ಆರೋಗ್ಯವಂತರಾದ ವ್ಯಕ್ತಿ.

ಸಂಸ್ಥೆಗೆ ಮರಳಿ, ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದ ಮುಂದೆ ನಾವು ಒಂದೂವರೆ ತಿಂಗಳು ಕುಳಿತೆವು. ಒಕ್ಕಲಿಗರ ಊರುಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನ ಕಾಯಿಲೆ. ನೇಕಾರರ ಊರುಗಳಲ್ಲಿ ಸೊನ್ನೆ. ನಿರ್ದೇಶಕರು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದರು.

“ಐದು ಊರಲ್ಲೂ ಒಂದೇ ಅಂಕಿ. ಇಷ್ಟು ಶಿಸ್ತಿನ ಕಾಯಿಲೆಯನ್ನ ನಾನು ನೋಡೇ ಇಲ್ಲ” ಎಂದರು ಕೊನೆಗೆ. ಎರಡು ದಿನ ಗ್ರಂಥಾಲಯದಲ್ಲಿ ಕುಳಿತು ಅದಕ್ಕೊಂದು ಹೆಸರನ್ನೂ ಕೊಟ್ಟರು: ‘ಸಾಪ್ತಾಹಿಕ ದೌರ್ಬಲ್ಯ’. ಎರೆಮಣ್ಣಿನ ಊರುಗಳಲ್ಲಿ ಕಾಣಿಸಿಕೊಳ್ಳುವ, ನರ್ಸಬಾಯಿ ಇದ್ದಾಗ್ಯೂ ವಾಸಿಯಾಗದ, ಗಾಡಿ ಹೋದಲ್ಲಿ ಸುಳಿವೇ ಇಲ್ಲದ ವ್ಯಾಧಿ. ಕುಡಿಯುವ ನೀರು ಕಾರಣವಿರಬಹುದೆಂದು ಒಂದು ಅಡಿಟಿಪ್ಪಣಿ. ಶಿಫಾರಸು ಎಂದರೆ, ಐದೂ ಊರುಗಳ ಖೋಲಿಗಳನ್ನು ಮುಚ್ಚಿ ಗಾಡಿಯನ್ನು ವಿಸ್ತರಿಸತಕ್ಕದ್ದು.

ಕರಡು ವರದಿಯನ್ನು ಆರೋಗ್ಯ ಖಾತೆಯ ಅಧಿಕಾರಿಯೊಬ್ಬರ ಮುಂದೆ ಓದಿ ಒಪ್ಪಿಗೆ ಪಡೆಯುವ ಸಭೆ ಕಿತ್ತೂರಿನ ಪ್ರವಾಸಿ ಮಂದಿರದಲ್ಲಿ ಗೊತ್ತಾಯಿತು. ಅದಕ್ಕೆ ಮೊದಲಿನ ರವಿವಾರ ನಾನು ಊರಿಗೆ ಹೋದೆ. ನರ್ಸಬಾಯಿಗೂ ಸಭೆಗೆ ಹಾಜರಾಗಬೇಕೆಂದು ಕಾಗದ ಬಂದಿತ್ತು. ಅವರು ಹೊರಸಿನ ತುದಿಯಲ್ಲಿ ಕುಳಿತು, “ಏನ ಬರದೀರಿ ತಮ್ಮಾ? ಖರೇ ಹೇಳು” ಎಂದರು.

ನಾನು ಹೇಳಿದೆ. ವಾರಕ್ಕೊಂದು ದಿನ, ಇತರೆ ಕಾಯಿಲೆ, ಸಾಪ್ತಾಹಿಕ ದೌರ್ಬಲ್ಯ.

ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಅಂದ್ರ ನನ್ನ ಎತ್ತು ಆರಾಮ ತಗೊಂಡದ್ದಕ್ಕ ನನಗ ಜಡ್ಡು ಅಂತ ಬರದೀರಿ. ಹದಿನಾರು ವರ್ಷ ಸಾಲಿ ಕಲಿತಿ, ಸಾಹೇಬಾ. ಎತ್ತಿನ ನಾಡಿ ಹಿಡಿಯೂದು ಯಾವಾಗ ಕಲಿತಿ?”

ನರ್ಸಬಾಯಿ ನಗಲಿಲ್ಲ. ತಮ್ಮ ದಪ್ಪ ರಜಿಸ್ಟರನ್ನು ತೊಡೆಯ ಮೇಲೆ ಬಿಚ್ಚಿದರು. ಆರು ವರ್ಷದ ಹೆರಿಗೆಗಳು, ಚೇಳು ಕಡಿದವರು, ಕುಡುಗೋಲು ತಾಗಿದವರು, ವಾಂತಿಭೇದಿಯ ಮಕ್ಕಳು, ಎಲ್ಲ ಅಂಕುಡೊಂಕಾದ ಅಕ್ಷರದಲ್ಲಿ, ಎಣ್ಣೆಯ ಕಲೆಗಳ ನಡುವೆ. ಎಷ್ಟೋ ಅಂಕಣಗಳು ಖಾಲಿ.

“ಇದನ್ನ ಯಾರರ ಕೇಳಿದ್ರೇನು?”

“ಇಲ್ಲ.”

“ನೀ ಕೇಳಬೇಕಿತ್ತು. ನಿನಗ ಗೊತ್ತಿತ್ತು” ಎಂದು ರಜಿಸ್ಟರು ಮುಚ್ಚಿದರು. ಅವರು ಸಿಟ್ಟಿನಿಂದ ಅಂದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆಗೆ ತಿರುಗಿ, “ಕಾಲು ಬಾತಾವೇನು ತೋರಸು” ಎಂದು ಎದ್ದು ಹೋದರು.

ಅಂದು ನಾನು ಸಭೆಯಲ್ಲಿ ಓದಲೆಂದು ಹಠ ಹಿಡಿದು ಒಂದು ಪುಟ ಬರೆದೆ. ಎತ್ತಿನ ವಾರದ ವಿಷಯವನ್ನು ಶುದ್ಧ ಇಂಗ್ಲಿಷಿನಲ್ಲಿ, ‘ಸವಿನಯವಾಗಿ ನಿವೇದಿಸುವುದೇನೆಂದರೆ’ ಎಂಬ ಧಾಟಿಯಲ್ಲಿ, ಒಂದು ತಪ್ಪೂ ಬರದಂತೆ ಮೂರು ಸಲ ತಿದ್ದಿದೆ. ಎತ್ತನ್ನು ‘ಕೃಷಿ ಪಶು’ ಎಂಬರ್ಥದ ಶಬ್ದದಿಂದ ಸೂಚಿಸಿದೆ.

ಸಭೆ ನಡೆದದ್ದು ಸೋಮವಾರ. ಅದನ್ನು ಯಾರೂ ಯೋಚಿಸಿ ಗೊತ್ತು ಮಾಡಿರಲಿಲ್ಲ. ನಾವು ಒಳಗೆ ಕುಳಿತಿದ್ದಾಗ ಹೊರಗೆ ಬಸ್ಸಿಳಿದು ಬಂದ ಗುಂಪಿನ ಸಪ್ಪಳ ಕೇಳಿಸಿತು. ನರ್ಸಬಾಯಿ ರಜಿಸ್ಟರನ್ನು ಎದೆಗವಚಿಕೊಂಡು ಮುಂದೆ; ಹಿಂದೆ ನಮ್ಮಪ್ಪ, ಪಕ್ಕದೂರಿನಲ್ಲಿ ಹಗ್ಗ ಹೊಸೆಯುತ್ತಿದ್ದವರು, ಇನ್ನೂ ಎಂಟು ಹತ್ತು ಜನ, ತೊಳೆದ ಧೋತರ, ಹೊಸದಾಗಿ ಸುತ್ತಿದ ರುಮಾಲು. ಎಲ್ಲರೂ ಬೇವಿನ ಮರದ ಕೆಳಗೆ ಕುಳಿತು ಅಡಿಕೆ ಎಲೆ ಬಿಚ್ಚಿದರು.

ನಿರ್ದೇಶಕರು ಕಿಟಕಿಯಿಂದ ನೋಡಿ ಅಧಿಕಾರಿಗೆ ಹೇಳಿದರು: “ನೋಡಿ ಸರ್, ಇವರೇ ನಮ್ಮ ಅಧ್ಯಯನದ ಊರಿನವರು. ಚಿಕಿತ್ಸೆಗೋಸ್ಕರ ಎಷ್ಟು ದೂರದಿಂದ ಬರ್ತಾರೆ, ಪಾಪ.”

ಅಧಿಕಾರಿ ನಮ್ಮ ಭಾಗದವರೇ, ದಪ್ಪ ಮೀಸೆಯವರು. ಕಿಟಕಿಗೆ ಬಂದು ಬೇವಿನ ಮರದ ಕೆಳಗಿನವರನ್ನು ನೋಡಿದರು. “ಇವರ‍್ಯಾರಿಗೂ ಜಡ್ಡಾದಂಗ ಕಾಣೂದಿಲ್ಲಲ್ಲರಿ, ಸರ” ಎಂದು, ನಮ್ಮ ಕಡೆ ತಿರುಗಿ, “ಊರೂರು ತಿರುಗಿದವರು ನೀವಲ್ಲ? ವಾರಕ್ಕೊಂದ ದಿನ ಬರೂ ಇದು ಎಂಥಾ ಜಡ್ಡು? ನೀವು ಹೇಳ್ರಿ” ಎಂದರು.

ಸಹೋದ್ಯೋಗಿಗಳು ನನ್ನನ್ನು ನೋಡಿದರು. ನಾನು ಎದ್ದು ಕಿಸೆಯಿಂದ ಪುಟವನ್ನು ತೆಗೆದೆ. ಮೊದಲನೆಯ ಸಾಲು ಕಣ್ಣಿಗೆ ಕಂಡಿತು, ಬಾಯಿಗೆ ಬರಲಿಲ್ಲ. ಕಿಟಕಿಯಾಚೆ ಅಪ್ಪ ಯಾರಿಗೋ ಸುಣ್ಣ ಕೊಡುತ್ತಿದ್ದರು.

“ಜಡ್ಡಲ್ರಿ, ಸರ. ನಮ್ಮ ಕಡೆ ಸೋಮಾರ ಎತ್ತು ಹೂಡಂಗಿಲ್ರಿ” ಎಂದೆ.

ಅಧಿಕಾರಿ ಮತ್ತೊಮ್ಮೆ ಬೇವಿನ ಮರದ ಕಡೆಗೆ ನೋಡಿದರು. ಆಮೇಲೆ ಕುರ್ಚಿಗೆ ಮರಳಿ ಒರಗಿ, “ನಮ್ಮಪ್ಪನೂ ಹೂಡತಿರಲಿಲ್ಲ” ಎಂದರು. ಮತ್ತೆ ಕೇಳಿದರು: “ಇಷ್ಟು ದಿನಾ ಯಾಕ ಹೇಳಲಿಲ್ಲ?”

ನಾನು ಇಂಗ್ಲಿಷಿನ ಆ ಪುಟವನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡೆ.

ನಿರ್ದೇಶಕರು ಧೃತಿಗೆಡುವವರಲ್ಲ. “ಬಹಳ ಒಳ್ಳೆಯ ಅಂಶ. ವಿಜ್ಞಾನದಲ್ಲಿ ತಿದ್ದುಪಡಿಗೆ ಯಾವಾಗ್ಲೂ ಜಾಗ ಇದೆ” ಎಂದು ಪೆನ್ಸಿಲ್ ತೆಗೆದರು. “ಸೋಮವಾರದ ಒಂದು ದಿನಾನ ಕಳೆದುಬಿಡೋಣ. ಆದ್ರೆ ಪಕ್ಷಪಾತ ಆಗಬಾರದು. ಹತ್ತೂ ಊರಿಗೆ ಒಂದೇ ನ್ಯಾಯ.”

ಕಳೆದರು. ಒಕ್ಕಲಿಗರ ಊರುಗಳ ಒಂದು ದಿನ ಸೊನ್ನೆಯಾಯಿತು. ನೇಕಾರರ ಊರುಗಳ ಸೊನ್ನೆ, ಸೊನ್ನೆಗಿಂತ ಒಂದು ದಿನ ಕಡಿಮೆಯಾಯಿತು.

“ನೋಡಿ ಸರ್, ವ್ಯತ್ಯಾಸ ಅಷ್ಟೇ ಉಳೀತು. ತಿದ್ದುಪಡಿಯನ್ನೂ ತಡ್ಕೊಂಡಿತು ಅಂದ್ರೆ ನಮ್ಮ ವಿಧಾನ ಎಷ್ಟು ಗಟ್ಟಿ ನೋಡಿ.”

ಅಧಿಕಾರಿ ಪಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. “ಸೊನ್ನಿಗಿಂತಾ ಕಮ್ಮಿ ಜಡ್ಡು ಅಂದ್ರ ಏನ್ರಿ, ಸರ? ರಾಮದುರ್ಗದಾಗ ಗಾಡಿ ಬಂದ ಮ್ಯಾಲೆ ಸತ್ತವರು ಎದ್ದು ಮಗ್ಗಕ್ಕ ಕುಂತಾರೇನು?”

“ಅದನ್ನ ಇನ್ನೂ ಆಳವಾಗಿ ಅಧ್ಯಯನ ಮಾಡಬೇಕಾಗತ್ತೆ” ಎಂದರು ನಿರ್ದೇಶಕರು ಗಂಭೀರವಾಗಿ.

ಅಧಿಕಾರಿ ಆ ಮಾತನ್ನೇ ಕಾಯುತ್ತಿದ್ದವರಂತೆ ಹಿಡಿದುಕೊಂಡರು. “ಹಂಗಾರ ಅದನ್ನ ಬರೀರಿ. ಆಳವಾದ ಅಧ್ಯಯನ ಆಗೂತನಕಾ ಈಗ ಹೆಂಗ ಐತೋ ಹಂಗ ಇರಲಿ, ಖೋಲಿನೂ ಇರಲಿ, ಗಾಡಿನೂ ಇರಲಿ. ಈ ಚಂದ ಅಕ್ಷರದವರ ಕೈಲೆ ಬರಸ್ರಿ.”

ನಿರ್ದೇಶಕರಿಗೆ ಬೇಸರವಾಗಲಿಲ್ಲ. ಆಳವಾದ ಅಧ್ಯಯನಕ್ಕೆ ಬೇರೆ ಅನುದಾನ ಬರುತ್ತದೆ. ಸಭೆಯು ಪರಸ್ಪರ ಅಭಿನಂದನೆಗಳೊಂದಿಗೆ, ಉಪ್ಪಿಟ್ಟಿನೊಂದಿಗೆ ಮುಕ್ತಾಯವಾಯಿತು. ಹೊರಗೆ ಬಂದು ವಿಷಯ ತಿಳಿಸಿದಾಗ ನರ್ಸಬಾಯಿ, “ಆ ಆಳದ್ದು ಯಾವಾಗ ಬರತೈತಿ?” ಎಂದು ಕೇಳಿದರು. ಬರುವ ಸಂಭವ ಕಡಿಮೆಯೆಂದೆ. ಅವರು ರಜಿಸ್ಟರನ್ನು ಚೀಲದಲ್ಲಿಟ್ಟು, “ಹಂಗಾರ ಬಸ್ಸ ನೋಡ್ರಿ, ಹಾಲ ಹಿಂಡೂ ಹೊತ್ತಾತು” ಎಂದು ಅಪ್ಪನಿಗೆ ಹೇಳಿದರು.

ವರದಿಯ ಕನ್ನಡ ಸಾರಾಂಶವನ್ನು ಸೈಕ್ಲೋಸ್ಟೈಲ್ ಮಾಡಲು ಮೇಣದ ಹಾಳೆಯ ಮೇಲೆ ಕೊರೆದವನು ನಾನೇ. ಸೊನ್ನೆಗಿಂತ ಕಡಿಮೆಯಾದ ಆ ದಿನವನ್ನೂ ಅಡಿಟಿಪ್ಪಣಿಯ ಕುಡಿಯುವ ನೀರನ್ನೂ ಯಥಾವತ್ತಾಗಿ ಬರೆದೆ. ಕೊನೆಯ ವಾಕ್ಯವನ್ನು ಬರೆಯುವಾಗ ಮಾತ್ರ ಲೇಖನಿಯನ್ನು ಸ್ವಲ್ಪ ಒತ್ತಿದೆ: ‘ಹೆಚ್ಚಿನ ಅಧ್ಯಯನವು ಪೂರ್ಣಗೊಳ್ಳುವವರೆಗೆ ಈಗಿರುವ ವ್ಯವಸ್ಥೆಯನ್ನೇ ಮುಂದುವರಿಸತಕ್ಕದ್ದು.’ ಆ ಇಡೀ ವರದಿಯಲ್ಲಿ ಯಾರಿಗಾದರೂ ಆರೋಗ್ಯವನ್ನು ಕೊಟ್ಟ ವಾಕ್ಯ ಅದೊಂದೇ. ಅದರಲ್ಲಿ ಅರ್ಥಶಾಸ್ತ್ರವಿರಲಿಲ್ಲ.

ಮುಂದಿನ ಅಧ್ಯಯನಕ್ಕೆ ಸಂಸ್ಥೆಯವರು ನನ್ನ ಸಹೋದ್ಯೋಗಿಯೊಬ್ಬರನ್ನೇ ಕರೆದರು. ನನಗೆ ಬಂದ ಪತ್ರದಲ್ಲಿ ನನ್ನ ಕೈಬರಹದ ಬಗ್ಗೆ ಎರಡು ಒಳ್ಳೆಯ ಮಾತುಗಳಿದ್ದವು. ಕ್ಷೇತ್ರಕಾರ್ಯಕ್ಕೆ ಬೇಕಾದ ತಟಸ್ಥತೆ ಸಾಲದೆಂಬ ಒಂದು ಮಾತೂ ಇತ್ತು. ನಾನು ಟ್ರಂಕು ಹೊತ್ತು ಊರಿಗೆ ಬಂದೆ. ದೀಪಾವಳಿಯ ಮರುವಾರ, ಬುಧವಾರ ಬೆಳಿಗ್ಗೆ, ಬರದೇ ಹೋದ ಗಾಡಿಯ ವಾರಕ್ಕೆ ಇನ್ನೂ ಒಂದು ದಿನವಿರುವಾಗ ಅಕ್ಕನಿಗೆ ಹೆಣ್ಣು ಹುಟ್ಟಿತು. ಕೂಸು ಅಡ್ಡ ತಿರುಗಿತ್ತಂತೆ. ನರ್ಸಬಾಯಿ ಹೊರಗೆ ಬಂದು ಕೈ ತೊಳೆಯುವವರೆಗೆ ನಮ್ಮಪ್ಪ ಕೊಟ್ಟಿಗೆಯಲ್ಲಿ ಎತ್ತಿನ ಕೊರಳು ಹಿಡಿದು ನಿಂತಿದ್ದರು.

ಎರಡು ವಾರ ಕಳೆದ ಮೇಲೆ ಒಂದು ಸೋಮವಾರ ನನಗೆ ಜ್ವರ ಬಂದಿತು. ಅಪ್ಪ ನನ್ನನ್ನು ಖೋಲಿಗೆ ಕರೆದುಕೊಂಡು ಹೋಗಿ ಬಾಗಿಲಲ್ಲೇ ಕೂಗಿ ಹೇಳಿದರು: “ಬಾಯಾರ, ಇವಂಗ ಮೈ ಸುಡಾಕ ಹತ್ತೇತಿ. ಖರೇನ ಜಡ್ಡೋ, ಇವತ್ತ ಸೋಮಾರ ಅಂತ ಹಿಂಗ ಮಾಡ್ಯಾನೋ, ನೋಡ್ರಿ.”

ನರ್ಸಬಾಯಿ ಉಷ್ಣಮಾಪಕವನ್ನು ನನ್ನ ನಾಲಿಗೆಯ ಕೆಳಗಿಟ್ಟು, ತೆಗೆದು, ಕಿಟಕಿಯ ಬೆಳಕಿಗೆ ಹಿಡಿದರು. “ಖರೇನ ಐತಿ” ಎಂದು ರಜಿಸ್ಟರು ಬಿಚ್ಚಿದರು. ಹೆಸರು ಬರೆದರು. ವಯಸ್ಸು ಕೇಳಲಿಲ್ಲ, ಅವರಿಗೆ ಗೊತ್ತಿತ್ತು. ಕಾಯಿಲೆ, ಜ್ವರ. ಆಮೇಲೆ ಉದ್ಯೋಗದ ಅಂಕಣಕ್ಕೆ ಬಂದು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

“ಇದು ಖಾಲಿ ಬಿಡ್ಲೇನು, ತಮ್ಮಾ?”

“ಬಿಡ್ರಿ, ಅಕ್ಕಾರ” ಎಂದೆ.